ಟ್ಯಾಂಕಿನ ಹಿಂದಿನ ಪೈಪು

ಪಂಚಶೀಲಾ ಹಡಗಿನ ಕೆಲಸ ಮಾಡುತ್ತಾಳೆಂದರೆ ಶಹಾಪುರದಲ್ಲಿ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ಒಂದು ರಾತ್ರಿಯ ರೈಲು ಬೇಕು. ಬಿಡಿಸಿ ಹೇಳುವುದು ಕಷ್ಟವೆಂದು ಅವಳ ತಾಯಿ ಲಾಲಮ್ಮ, ಮಗಳು ಪೈಪಿನ ಆಫೀಸಿನಲ್ಲಿದ್ದಾಳೆ ಎಂದು ನೆಂಟರಿಗೆ ಹೇಳಿಬಿಟ್ಟಿದ್ದಳು. ಅದರಿಂದ ಇನ್ನೊಂದು ಗೊಂದಲವಾಯಿತು. ವಡಗೇರಾ ಕಡೆಯ ಒಬ್ಬಿಬ್ಬರು, ಬೋರ್‌ವೆಲ್ಲಿಗೆ ಹಾಕುವ ಪೈಪು ಕಡಿಮೆ ದರಕ್ಕೆ ಸಿಗುತ್ತದೇನೋ ಎಂದು ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದರು. ಕಂಪ್ಯೂಟರುಗಳ ಮುಂದೆ ಕೂತ ನಾಲ್ಕೈದು ಮಂದಿಯನ್ನು ಬಿಟ್ಟರೆ ಅಲ್ಲಿ ಏನೂ ಇಲ್ಲದ್ದನ್ನು ಕಂಡು, ನೀರು ಕುಡಿದು, ಇಳಿದು ಹೋಗಿದ್ದರು.

ಆ ಆಫೀಸು ಭೀಮರಾಯನಗುಡಿಗೆ ಹೋಗುವ ರಸ್ತೆಯಲ್ಲಿ, ಒಂದು ಗೊಬ್ಬರದ ಅಂಗಡಿಯ ಮೇಲಿದೆ. ನಡೆಸುವವನು ಸುರಪುರದ ವಹಾಬ. ವ್ಯಾಪಾರಿ ಹಡಗುಗಳಲ್ಲಿ ಇಂಜಿನಿಯರಾಗಿ ಬಹಳ ವರ್ಷ ಸುತ್ತಿದವನು, ತಂದೆಗೆ ಪಾರ್ಶ್ವವಾಯು ಬಡಿದಾಗ ನೌಕರಿ ಬಿಟ್ಟು ಊರಿಗೆ ಬಂದ. ಕೈ ಕಟ್ಟಿಕೊಂಡು ಕೂರುವ ಜಾಯಮಾನ ಅವನದಲ್ಲ. ಮುಂಬೈಯ ಒಂದು ಹಡಗು ವಿನ್ಯಾಸದ ಕಂಪನಿಯಿಂದ ನಕಾಶೆಯ ಕೆಲಸ ತರಿಸಿಕೊಂಡು, ಸುತ್ತಲಿನ ಡಿಪ್ಲೊಮಾ ಮಾಡಿದವರನ್ನು ಸೇರಿಸಿಕೊಂಡು, ಇಲ್ಲಿಯೇ ಬೇರು ಬಿಟ್ಟ. ಪಂಚಶೀಲಾ ಅವನ ಬಳಿ ಸೇರಿದ್ದು ಮದುವೆಯಾದ ಮೇಲೆ. ಅವಳ ತಂದೆ ಮರಿಲಿಂಗಪ್ಪ ವಡಗೇರಾದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಮಗಳಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಓದಿಸಿದರು. ಮೊದಲು ಅವಳು ಸೈದಾಪುರದ ಹತ್ತಿರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಪೈಪಿನ ನಕಾಶೆ ಬರೆಯುತ್ತಿದ್ದಳು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ಬುದ್ಧಪ್ರಿಯನ ಕೈ ಹಿಡಿದು ಶಹಾಪುರಕ್ಕೆ ಬಂದಳು. ವಿಧವೆ ತಾಯಿಯೂ ಜೊತೆಗೇ ಬಂದಳು.

ಹಳೆಯ ಹಡಗುಗಳನ್ನು ಹೊಸ ಕಾನೂನಿಗೆ ಹೊಂದಿಸುವುದು ಅವರ ಕೆಲಸ. ಸರಕು ಇಳಿಸಿ ಹಗುರಾದ ಹಡಗು ಉರುಳಬಾರದೆಂದು ಹೊಟ್ಟೆಗೆ ಸಮುದ್ರದ ನೀರು ತುಂಬಿಕೊಳ್ಳುತ್ತದೆ; ಬ್ಯಾಲಸ್ಟ್ ನೀರು ಎನ್ನುವುದು ಇದಕ್ಕೇ. ಮುಂದಿನ ಬಂದರಿನಲ್ಲಿ ಸರಕು ಹೇರುವಾಗ ಆ ನೀರನ್ನು ಚೆಲ್ಲುತ್ತದೆ. ಆ ನೀರಿನ ಜೊತೆ ಒಂದು ಸಮುದ್ರದ ಹುಳುಹುಪ್ಪಟೆ ಇನ್ನೊಂದು ಸಮುದ್ರ ಸೇರಿ ಅಲ್ಲಿಯ ಜೀವಗಳನ್ನು ತಿಂದು ಹಾಕುತ್ತವೆ. ಅದಕ್ಕೇ ನೀರನ್ನು ಶುದ್ಧ ಮಾಡಿಯೇ ಚೆಲ್ಲಬೇಕೆಂದು ಎಲ್ಲ ದೇಶಗಳೂ ಸೇರಿ ನಿಯಮ ಮಾಡಿದವು. ಗಡುವು ಹತ್ತಿರ ಬಂದಂತೆ ಜಗತ್ತಿನ ಹಳೆಯ ಹಡಗುಗಳೆಲ್ಲ ಶುದ್ಧೀಕರಣ ಯಂತ್ರ ಕೂಡಿಸಿಕೊಳ್ಳಲು ಸಾಲು ನಿಂತವು. ಇಂಜಿನ್ ಕೋಣೆಯಲ್ಲಿ ಯಂತ್ರ ಎಲ್ಲಿ ಕೂರಬೇಕು, ಅದಕ್ಕೆ ಪೈಪು ಯಾವ ಸಂದಿಯಲ್ಲಿ ಹಾದು ಬರಬೇಕು ಎಂಬುದನ್ನು ಗೊಬ್ಬರದ ಅಂಗಡಿಯ ಮೇಲೆ ಕೂತು ಪಂಚಶೀಲಾ ಮತ್ತು ಅವಳ ಜೊತೆಯವರು ಬರೆಯುತ್ತಿದ್ದರು.

ಹಡಗನ್ನು ನೋಡದೆ ಬರೆಯುವುದು ಹೇಗೆ? ಅದಕ್ಕೊಂದು ಉಪಾಯವಿತ್ತು. ಯಾರೋ ಹಡಗಿಗೆ ಹೋಗಿ ಇಂಜಿನ್ ಕೋಣೆಯ ನಡುವೆ ಒಂದು ಲೇಸರ್ ಯಂತ್ರ ನಿಲ್ಲಿಸಿ ತಿರುಗಿಸುತ್ತಿದ್ದರು. ಅದರ ಕಿರಣ ಬಿದ್ದಲ್ಲೆಲ್ಲ ಒಂದೊಂದು ಚುಕ್ಕೆ. ಕೋಟಿಗಟ್ಟಲೆ ಚುಕ್ಕೆಗಳು ಸೇರಿ ಇಡೀ ಕೋಣೆ ಬೂದು ಬಣ್ಣದಲ್ಲಿ ಕಂಪ್ಯೂಟರಿನೊಳಗೆ ಎದ್ದು ನಿಲ್ಲುತ್ತಿತ್ತು. ಅಡ್ಡ ನಿಂತ ಕೆಲಸಗಾರರೂ ಅದರಲ್ಲಿ ಅರ್ಧ ಮೈ, ಒಂದು ಕೈ ಎಂಬಂತೆ ಮೂಡಿರುತ್ತಿದ್ದರು. ಅವರನ್ನು ಅಳಿಸುವುದು ಪಂಚಶೀಲಾಳ ಮೊದಲ ಕೆಲಸ. ಆದರೆ ಯಾವುದೋ ವಸ್ತುವಿನ ಹಿಂದೆ ಕಿರಣ ಹೋಗದ ಕಡೆ ಚುಕ್ಕೆಗಳಿರುತ್ತಿರಲಿಲ್ಲ, ಬರೀ ಕಪ್ಪು. ಆಫೀಸಿನಲ್ಲಿ ಅದಕ್ಕೆ ನೆರಳು ಎನ್ನುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಬಂದ ಹಡಗು ಕಲ್ಲಿದ್ದಲು ಸಾಗಿಸುವಂಥದು. ಉದ್ದನೆಯ ಪರದೇಶದ ಹೆಸರು ನಾಲಿಗೆಯಲ್ಲಿ ಹೊರಳದೆ ಎಲ್ಲರೂ ಅದನ್ನು ಕರೇ ಹಡಗು ಎಂದರು. ಅದರ ಇಂಜಿನ್ ಕೋಣೆಯ ತಳದಲ್ಲಿ ಹೊಸ ಪೈಪಿಗೆ ದಾರಿ ಹುಡುಕುತ್ತಿದ್ದಾಗ ಪಂಚಶೀಲಾ ಒಂದು ಕಡೆ ನಿಂತುಬಿಟ್ಟಳು. ಎಣ್ಣೆ ಬೆರೆತ ಹೊಲಸು ನೀರು ಕೂಡಿಡುವ ಟ್ಯಾಂಕಿನಿಂದ ಮಣಿಕಟ್ಟಿನಷ್ಟು ದಪ್ಪದ ಒಂದು ಪೈಪು ಹೊರಟು, ಪಕ್ಕದ ಇನ್ನೊಂದು ಟ್ಯಾಂಕಿನ ಹಿಂದೆ ಹೋಗಿ ನೆರಳಿನಲ್ಲಿ ಮರೆಯಾಗಿತ್ತು. ಟ್ಯಾಂಕಿನ ಆಚೆಯ ಬದಿಯಲ್ಲಿ ಅಷ್ಟೇ ದಪ್ಪದ ಒಂದು ಪೈಪು ಅದೇ ನೆರಳಿನಿಂದ ಹೊರಬಂದು ಹಡಗಿನ ಹೊರಗೋಡೆಯ ವಾಲ್ವಿಗೆ ಸೇರಿತ್ತು. ಹಡಗಿನ ಹಳೆಯ ನಕಾಶೆಗಳನ್ನು ತೆಗೆದು ನೋಡಿದಳು. ಎರಡೂ ಪೈಪು ಅದರಲ್ಲಿ ಇರಲಿಲ್ಲ.

ಅವಳಿಗೆ ತಿಳಿದಿದ್ದು ಇಷ್ಟು. ಇಂಜಿನ್ ಕೋಣೆಯ ಹೊಲಸು ನೀರು ಎಣ್ಣೆ ಬೇರ್ಪಡಿಸುವ ಯಂತ್ರದೊಳಗೆ ಹಾಯ್ದು, ಎಣ್ಣೆಯ ಅಂಶ ಹತ್ತು ಲಕ್ಷಕ್ಕೆ ಹದಿನೈದು ಪಾಲು ಮೀರದಿದ್ದರೆ ಮಾತ್ರ ಸಮುದ್ರಕ್ಕೆ ಹೋಗಬಹುದು. ಯಂತ್ರವನ್ನು ತಪ್ಪಿಸಿ ನೇರ ಹೊರಗೆ ಬಿಡುವ ಪೈಪು ಹಾಕಿದರೆ ದೊಡ್ಡ ಅಪರಾಧ, ಕೆಲವು ದೇಶಗಳಲ್ಲಿ ಜೈಲೇ ಆಗುತ್ತದೆ. ಇವೆರಡು ತುದಿಗಳು ನೆರಳಿನೊಳಗೆ ಒಂದಾಗಿದ್ದರೆ ಅದು ಅಂಥದೇ ಪೈಪು. ಒಂದಾಗಿರದಿದ್ದರೆ, ಯಾವ ಕಾಲದಲ್ಲೋ ಯಾತಕ್ಕೋ ಹಾಕಿ ಬಿಟ್ಟ ಎರಡು ತುಂಡು. ಚಿತ್ರವನ್ನು ಹಿಂದೆ ಮುಂದೆ, ಕೆಳಗೆ ಮೇಲೆ ತಿರುಗಿಸಿದಳು. ಎಷ್ಟು ತಿರುಗಿಸಿದರೂ ಕಪ್ಪು ಕಪ್ಪಾಗಿಯೇ ಉಳಿಯಿತು.

ವಹಾಬನನ್ನು ಕರೆದು ತೋರಿಸಿದಳು. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಹತ್ತು ಮಾತು ಅನ್ನುವ ಮನುಷ್ಯ. ಈ ಸಲ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ, ಮೌಸ್ ತಾನೇ ತೆಗೆದುಕೊಂಡು ತಿರುಗಿಸಿದ. ಕೊನೆಗೆ, ಹಡಗಿನೊಳಗೆ ನೀರು ನುಗ್ಗಿದರೆ ಎತ್ತಿ ಹಾಕಲು ತುರ್ತಿನ ಲೈನು ಇರುತ್ತದೆ, ಅದೇ ಇರಬೇಕು ಎಂದ. ನಮ್ಮದು ಬ್ಯಾಲಸ್ಟ್ ನೀರಿನ ಕೆಲಸ, ಅದನ್ನು ಮಾಡಿ ಮುಗಿಸು ಎಂದು ಎದ್ದು ಹೋದ.

ಪಂಚಶೀಲಾ ತುರ್ತಿನ ಲೈನನ್ನು ನಕಾಶೆಯಲ್ಲಿ ಹುಡುಕಿದಳು. ಅದು ಕೋಣೆಯ ಇನ್ನೊಂದು ಬದಿಗೆ, ದೊಡ್ಡ ಪಂಪಿನ ಹತ್ತಿರ ಇತ್ತು. ಮರುದಿನ ಅದನ್ನೂ ತೋರಿಸಿದಳು.

"ಹಳೀ ಹಡಗವ್ವ ಅದು," ವಹಾಬ ಹೇಳಿದ. "ಎಷ್ಟೋ ಮಂದಿ ಮಾಲಕರು ಬದಲಾಗಿರ್ತಾರ. ಒಬ್ಬಾಂವ ಹಾಕಿದ್ದು ಇನ್ನೊಬ್ಬಾಂವಗ ಗೊತ್ತಿರೂದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಗೊಂದಲಕ್ಕೆ ಕೆಡವಿತು. ಅಷ್ಟು ವರ್ಷ ಇಂಜಿನ್ ಕೋಣೆಯಲ್ಲೇ ಬದುಕಿದವನಿಗೆ ಅನುಮಾನ ಬರಲಿಲ್ಲವೆಂದರೆ ಅನುಮಾನಕ್ಕೆ ಕಾರಣವಿಲ್ಲವೆಂದೋ? ಅಥವಾ ಬಂದ ಅನುಮಾನವನ್ನು ಅವನು ನುಂಗಿಕೊಂಡನೋ? ಸಮುದ್ರವನ್ನೇ ನೋಡದ ತಾನು ಬೆದರಿ ಹಗ್ಗವನ್ನು ಹಾವೆಂದುಕೊಂಡೆನೋ?

ಮನೆಯಲ್ಲಿ ಬುದ್ಧಪ್ರಿಯನಿಗೆ ಹೇಳಿದರೆ ಅವನು ಇನ್ನಷ್ಟು ಗೋಜಲು ಮಾಡಿದ. ಮೊದಲು ಸಿಟ್ಟಾಗಿ, ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕು ಎಂದ. ರೊಟ್ಟಿ ಮುಗಿಯುವುದರೊಳಗೆ, ಯಾವ ಸರ್ಕಾರಕ್ಕೆ ಎಂಬ ಪ್ರಶ್ನೆ ಅವನಿಗೇ ಬಂತು. ಹಡಗಿನ ಮಾಲಕರು ಒಂದು ದೇಶದವರು, ಅದರ ಬಾವುಟ ಇನ್ನೊಂದು ದೇಶದ್ದು, ಕೆಲಸಗಾರರು ನಾಲ್ಕು ದೇಶದವರು. ಇಷ್ಟಕ್ಕೂ ಏನು ನೋಡಿದೆ ಎಂದು ಕೇಳಿದರೆ, ಕಾಣದ ಜಾಗ ನೋಡಿದೆ ಎನ್ನಬೇಕು. ಕೈ ತೊಳೆಯುವ ಹೊತ್ತಿಗೆ ಸುಮ್ಮನಿರುವುದೇ ಒಳ್ಳೆಯದು ಎಂದ. ಲಾಲಮ್ಮ ಎಲ್ಲ ಕೇಳಿಸಿಕೊಂಡು, ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ಹಡಗಿನ ಎಣ್ಣೆ ಎಷ್ಟಾದೀತು ಎಂದು ಕೇಳಿದಳು. ಪಂಚಶೀಲಾ ಅದನ್ನೂ ತೂಗಿ ನೋಡಿದಳು. ಕಡಿಮೆಯೆಂದರೆ ತನ್ನ ಕೆಲಸವೇ ಬೇಡವಾಗುತ್ತದೆ; ಹೆಚ್ಚೆಂದರೆ ಸುಮ್ಮನಿರುವ ಹಾಗಿಲ್ಲ.

ಕೊನೆಗೆ ಅವಳು ತನ್ನ ಕೆಲಸದ ಮಿತಿಯೊಳಗೇ ಒಂದು ದಾರಿ ಹಿಡಿದಳು. ಹೊಸ ಪೈಪು ಹಾಯಬಹುದಾದ ಕಡೆ ಟ್ಯಾಂಕಿನ ಹಿಂದೆ ಏನಿದೆ ಎಂದು ಕಾಣುತ್ತಿಲ್ಲ, ಹಡಗಿಗೆ ಹೋಗಿ ಅಳತೆ ತೆಗೆಯಬೇಕು ಎಂದು ಮುಂಬೈಗೆ ಬರೆದಳು. ಅದು ನಿಜವೂ ಆಗಿತ್ತು. ಕರೇ ಹಡಗು ಚೆನ್ನೈ ಕಡೆಯ ಒಂದು ಬಂದರಿಗೆ ಬರಲಿದೆ, ಯಾರನ್ನಾದರೂ ಕಳಿಸಿ ಎಂದು ಅಲ್ಲಿಂದ ಉತ್ತರ ಬಂತು. ಇಂಥ ಕೆಲಸಕ್ಕೆ ಯಾವಾಗಲೂ ವಹಾಬನೇ ಹೋಗುತ್ತಿದ್ದದ್ದು.

"ನೀನ ಹೋಗಿ ನೋಡಿ ಬಾ," ಎಂದ ಈ ಸಲ.

ಅವಳ ಮೇಲಿನ ನಂಬಿಕೆಯಿಂದ ಹಾಗೆಂದನೋ, ತಾನು ಅದನ್ನು ನೋಡುವುದು ಬೇಡವೆಂದು ಹಾಗೆಂದನೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಬುದ್ಧಪ್ರಿಯ ಯಾದಗಿರಿಗೆ ಬಂದು ರೈಲು ಹತ್ತಿಸಿದ. ಲಾಲಮ್ಮ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬ್ಯಾಗಿನಲ್ಲಿತ್ತು.

ಬಂದರಿನಲ್ಲಿ ಸಮುದ್ರ ನೋಡುತ್ತೇನೆಂದು ಅವಳು ಅಂದುಕೊಂಡಿದ್ದಳು. ಕಂಡದ್ದು ಗೋಡೆ, ಲಾರಿ, ಕಲ್ಲಿದ್ದಲ ಗುಡ್ಡ. ಹಡಗಿನ ಏಜೆಂಟನ ಕಡೆಯವನೊಬ್ಬ ಅವಳ ತಲೆಗೆ ಹೆಲ್ಮೆಟ್ ಇಟ್ಟು ಕರೆದುಕೊಂಡು ಹೋಗಿ ಒಂದು ಕಬ್ಬಿಣದ ಗೋಡೆಯ ಮುಂದೆ ನಿಲ್ಲಿಸಿದ. ಅದೇ ಹಡಗು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಡಗಿಗೂ ಅದನ್ನು ಕಟ್ಟಿ ನಿಲ್ಲಿಸಿದ ದಕ್ಕೆಗೂ ನಡುವೆ ಒಂದಿಷ್ಟು ಕಪ್ಪು ನೀರು ಇತ್ತು, ಅದರ ಮೇಲೆ ಒಂದು ಚಪ್ಪಲಿ ತೇಲುತ್ತಿತ್ತು.

ಒಳಗೆ ಹೋದ ಮೇಲೆ ಅವಳು ದಾರಿ ತಪ್ಪಿದಳು. ಈ ಇಂಜಿನ್ ಕೋಣೆಯ ಪ್ರತಿ ಪೈಪನ್ನೂ ಶಹಾಪುರದಲ್ಲಿ ಕೂತು ತಿಂಗಳುಗಟ್ಟಲೆ ನೋಡಿದ್ದಳು. ಯಾವುದು ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ ಎಂದುಕೊಂಡಿದ್ದಳು. ಕಂಪ್ಯೂಟರಿನಲ್ಲಾದರೆ ಬೆರಳು ಆಡಿಸಿದರೆ ಕೋಣೆಯೇ ತಿರುಗುತ್ತಿತ್ತು. ಇಲ್ಲಿ ತಾನೇ ತಿರುಗಬೇಕು, ಏಣಿ ಇಳಿಯಬೇಕು, ಬಗ್ಗಬೇಕು. ಸದ್ದು ಎದೆಗೆ ಬಡಿಯುತ್ತಿತ್ತು. ಎರಡು ಏಣಿ ಇಳಿದ ಮೇಲೆ ಎಡ ಯಾವುದು ಬಲ ಯಾವುದು ಎಂಬುದೇ ಮರೆತು, ಬೇರೆಯೇ ಒಂದು ಟ್ಯಾಂಕಿನ ಮುಂದೆ ನಿಂತು ಇದೇ ಎಂದಳು. ಹಡಗಿನ ಮುಖ್ಯ ಇಂಜಿನಿಯರ್, ನರೆತ ಗಡ್ಡದ ಪರದೇಶದ ಮುದುಕ, ಅವಳ ಕೈಯಲ್ಲಿದ್ದ ನಕಾಶೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ ಕೊಟ್ಟು, ಆಚೆ ಕೈ ತೋರಿಸಿದ.

ಟ್ಯಾಂಕು ಸಿಕ್ಕಿತು. ಅವಳು ಅಂಗಾತ ಮಲಗಿ, ತಲೆಯನ್ನು ಸಂದಿಗೆ ತೂರಿಸಿ, ಬ್ಯಾಟರಿ ಬೆಳಕು ಬಿಟ್ಟಳು. ಈ ಕಡೆಯ ಪೈಪು ಟ್ಯಾಂಕಿನ ಹಿಂದೆ ಸ್ವಲ್ಪ ದೂರ ಹೋಗಿ ನಿಂತಿತ್ತು. ತುದಿಗೆ ದುಂಡನೆಯ ಕಬ್ಬಿಣದ ತಟ್ಟೆಯಿಟ್ಟು ಬೋಲ್ಟು ಬಿಗಿದು ಬಾಯಿ ಮುಚ್ಚಿದ್ದರು. ಆ ಕಡೆಯ ಪೈಪಿಗೂ ಹಾಗೆಯೇ. ಎರಡರ ನಡುವೆ ಒಂದು ಮಾರು ಜಾಗ ಖಾಲಿ.

ಅವಳಿಗೆ ಒಂದು ಕ್ಷಣ ಹಗುರೆನಿಸಿತು. ಆಮೇಲೆ ಬೋಲ್ಟುಗಳನ್ನು ನೋಡಿದಳು. ಸುತ್ತಲಿನವು ತುಕ್ಕಿನ ಮೇಲೆಯೇ ಬಣ್ಣ ಮೆತ್ತಿಕೊಂಡಿದ್ದರೆ ಇವು ಹೊಳೆಯುತ್ತಿದ್ದವು. ತಟ್ಟೆಯ ಮೇಲಿನ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಅವಳ ತೋಳಿಗೆ ಹತ್ತಿತು. ಆದರೆ ಆ ಕೋಣೆಯಲ್ಲಿ ಬಣ್ಣ ಹಚ್ಚದ ಜಾಗವೇ ಇರಲಿಲ್ಲ. ಮುಂದಿನ ತಪಾಸಣೆಗೆಂದು ಏಣಿಯ ಕಂಬಿಗೂ ಹಚ್ಚಿದ್ದರು. ಹೊಸ ಬಣ್ಣ ಯಾವುದನ್ನೂ ಹೇಳುವುದಿಲ್ಲ. ನಡುವಿನ ಗೋಡೆಯ ಮೇಲೆ ಪೈಪನ್ನು ಹಿಡಿದಿಟ್ಟಿರಬಹುದಾದ ಕೊಂಡಿಯನ್ನು ಉಜ್ಜಿ ತೆಗೆದಂಥ ಗುರುತೊಂದಿತ್ತು. ಬರೀ ಗೀಚಿದ ಗುರುತೂ ಇರಬಹುದು. ಅವಳು ಎಲ್ಲದರ ಫೋಟೋ ತೆಗೆದು, ಅಳತೆ ಹಿಡಿದು, ಎದ್ದಳು.

ಇದನ್ನು ಯಾವಾಗ ಮುಚ್ಚಿದಿರಿ ಎಂದು ಮುಖ್ಯ ಇಂಜಿನಿಯರನನ್ನು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದಳು. ತಾನು ಈ ಹಡಗಿಗೆ ಬಂದು ಹೆಚ್ಚು ದಿನವಾಗಿಲ್ಲ, ಬಂದಾಗಲೇ ಹೀಗಿತ್ತು ಎಂದು ಅವನು ತನಗೆ ಬಂದಷ್ಟರಲ್ಲಿ ಹೇಳಿದ. ಅವಳ ತೋಳಿಗೆ ಹತ್ತಿದ ಬಣ್ಣ ಕಂಡು, ಬಟ್ಟೆಗೆ ಏನೋ ಎಣ್ಣೆ ಹಾಕಿ ಕೊಟ್ಟು, ಒರೆಸಿಕೋ ಎಂದ. ಊಟಕ್ಕೆ ಕೂಡಿಸಿದ. ಅವಳಿಗೆ ಮಾಂಸ ಬೇಕೋ ಬೇಡವೋ ಎಂದು ಎರಡು ಸಲ ಕೇಳಿ, ತನ್ನ ತಟ್ಟೆಯ ಹಣ್ಣನ್ನೂ ಅವಳ ಕಡೆ ಸರಿಸಿದ. ನನಗೂ ನಿನ್ನಷ್ಟೇ ದೊಡ್ಡ ಮಗಳಿದ್ದಾಳೆ ಎಂದ. ಅವನನ್ನು ಕಳ್ಳನೆಂದುಕೊಳ್ಳಲು ಪಂಚಶೀಲಾ ಪ್ರಯತ್ನಪಟ್ಟಳು, ಆಗಲಿಲ್ಲ. ಒಳ್ಳೆಯವನೆಂದುಕೊಳ್ಳಲು ಹೊರಟರೆ ಆ ಬೋಲ್ಟುಗಳು ಕಣ್ಣ ಮುಂದೆ ಬಂದವು.

ಶಹಾಪುರಕ್ಕೆ ಬಂದ ದಿನವೇ ಆಫೀಸಿಗೆ ಹೋದಳು. ವಹಾಬ ಅವಳನ್ನು ಕೂಡಿಸಿ, ಫೋಟೋಗಳನ್ನು ಒಂದೊಂದೇ ನೋಡಿದ.

"ಎರಡೂ ತುದಿ ಮುಚ್ಚ್ಯಾರ್ರಿ," ಎಂದಳು. "ಬೋಲ್ಟ್ ಹೊಸಾವು ಅದಾವ."

"ಹೊಸಾ ಬೋಲ್ಟ್ ಹಾಕೂದು ತಪ್ಪೇನಲ್ಲ."

"ತಪ್ಪಂತ ನಾ ಅಂದಿಲ್ರಿ."

"ಮತ್ತ ಯಾಕ ಹೇಳಾಕತ್ತಿ?"

"ಗೊತ್ತಿಲ್ರಿ ಸರ್."

ವಹಾಬ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸು, ಅಂದಾಜು ಬೇಡ ಎಂದ. ಅವಳು ಹಾಗೆಯೇ ಬರೆದಳು: ನಕಾಶೆಯಲ್ಲಿಲ್ಲದ ಎರಡು ಪೈಪುಗಳಿವೆ, ತುದಿಗಳನ್ನು ಮುಚ್ಚಲಾಗಿದೆ, ಬೋಲ್ಟುಗಳು ಹೊಸವು, ಫೋಟೋ ಲಗತ್ತಿಸಿದೆ. ನೋಡಿದ್ದೇವೆ ಎಂದು ಮುಂಬೈಯಿಂದ ಒಂದು ಸಾಲಿನ ಉತ್ತರ ಬಂತು. ಅದನ್ನು ಅವರು ಮಾಲಕರಿಗೆ ಕಳಿಸಿದರೋ, ತಪಾಸಣೆ ಮಾಡುವವರಿಗೆ ಕಳಿಸಿದರೋ, ಯಾರಿಗೂ ಕಳಿಸಲಿಲ್ಲವೋ, ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಇನ್ನು ಉಳಿದದ್ದು ಅವಳ ಸ್ವಂತ ಪೈಪು. ಬ್ಯಾಲಸ್ಟ್ ನೀರಿನ ಹೊಸ ಪೈಪಿಗೆ ಟ್ಯಾಂಕಿನ ಮುಂದಿನಿಂದ ನೇರ ದಾರಿ ಇತ್ತು. ಅದನ್ನೇ ಬರೆದಳು. ಬರೆದು ನೋಡುತ್ತ ಕೂತಾಗ ಇನ್ನೊಂದು ದಾರಿ ಕಂಡಿತು. ಎರಡು ಬಾಗು ಕೊಟ್ಟು ಟ್ಯಾಂಕಿನ ಹಿಂದಿನಿಂದ ತಂದರೆ, ಹೊಸ ಪೈಪು ಆ ಎರಡು ಮುಚ್ಚಿದ ತುದಿಗಳ ನಡುವಿನ ಖಾಲಿ ಜಾಗದಲ್ಲೇ ಹಾಯುತ್ತದೆ. ಅದು ಇವುಗಳ ಐದಾರು ಪಟ್ಟು ದಪ್ಪ. ಅಲ್ಲಿ ಕೂತಿತೆಂದರೆ ಆ ತುದಿಗಳನ್ನು ಮತ್ತೆ ಯಾರೂ ಸುಲಭವಾಗಿ ಜೋಡಿಸಲಾರರು.

ಬರೆದಳು. ಅಳಿಸಿದಳು. ಒಂದು ಬಾಗು ಹೆಚ್ಚಾದರೆ ಪಂಪಿಗೆ ಅಷ್ಟು ಭಾರ, ಬೆಸುಗೆ ಹೆಚ್ಚು, ಕಬ್ಬಿಣ ಹೆಚ್ಚು. ತಪ್ಪೇ ಮಾಡದ ಹಡಗಿಗೆ ಇದು ಸುಮ್ಮನೆ ಹೊರೆ. ಇನ್ನೂ ಕೆಟ್ಟ ಯೋಚನೆಯೊಂದು ಬಂತು: ವಹಾಬ ಮೊದಲು ಹೇಳಿದಂತೆ ಅದು ನಿಜವಾಗಿಯೂ ಜೀವ ಉಳಿಸಲು ಹಾಕಿದ ಲೈನಾಗಿದ್ದರೆ? ಎಂದಾದರೂ ನೀರು ನುಗ್ಗಿದ ದಿನ ಆ ಮುದುಕ ಅದನ್ನು ಜೋಡಿಸಲು ಹೋಗಿ, ಅಡ್ಡ ಬಂದ ಈ ಪೈಪನ್ನು ಶಪಿಸಿದರೆ? ಅವಳು ತುರ್ತಿನ ಲೈನನ್ನು ಮತ್ತೆ ನಕಾಶೆಯಲ್ಲಿ ನೋಡಿದಳು. ಹಡಗಿನಲ್ಲಿ ತೆಗೆದ ಫೋಟೋದಲ್ಲೂ ಅದರ ವಾಲ್ವು ಸ್ಪಷ್ಟವಾಗಿತ್ತು. ಅದು ಇರುವಾಗ ಇದು ಬೇಕಿಲ್ಲ. ಹಾಗಿದ್ದರೂ ಅಳುಕು ಹೋಗಲಿಲ್ಲ. ನೇರ ಪೈಪನ್ನೇ ಮತ್ತೆ ಬರೆದು ಮನೆಗೆ ಹೋದಳು. ಮರುದಿನ ಬಂದವಳೇ ಬಾಗಿನ ಪೈಪು ಬರೆದು, ಯೋಚನೆಗೆ ಎಡೆ ಕೊಡದೆ ವಹಾಬನ ಮುಂದಿಟ್ಟಳು.

ನಕಾಶೆಯಲ್ಲಿ ಬಾಗು ಎಣಿಸುವುದು ವಹಾಬನ ಚಟ. ಬೇಡದ ಬಾಗು ಕಂಡರೆ ಕೆಂಪು ಗೆರೆ ಎಳೆಯುತ್ತಿದ್ದ. ಅವತ್ತು ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ. ಎದ್ದು ಕೆಳಗೆ ಹೋಗಿ ಚಹಾ ಕುಡಿದು ಬಂದ. ಹೊರಗೋಡೆಯ ವಾಲ್ವಿನ ಮುಂದೆ ಕೈ ಹೋಗುವಷ್ಟು ಜಾಗ ಬಿಡು ಎಂದಷ್ಟೇ ಹೇಳಿ, ಸಹಿ ಮಾಡಿದ. ಅವನಿಗೆ ಅರ್ಥವಾಯಿತೋ, ಅಥವಾ ಅವತ್ತು ಬಾಗು ಎಣಿಸುವುದನ್ನು ಮರೆತನೋ, ಮುಖದಿಂದ ಗೊತ್ತಾಗಲಿಲ್ಲ.

ಮುಂಬೈಯವರು ಮರೆಯಲಿಲ್ಲ. ನೇರ ದಾರಿ ಬಿಟ್ಟು ಎರಡು ಬಾಗು ಯಾಕೆ ಎಂದು ಕೇಳಿ ಬರೆದರು. ಪಂಚಶೀಲಾ ವಹಾಬನ ಬಳಿ ಹೋಗಿ ನಿಂತಳು.

"ಟ್ಯಾಂಕಿನ ಮುಂದಿರೂ ಪಂಪ್ ರಿಪೇರಿ ಮಾಡಾಕ ಜಾಗಾ ಉಳೀತದ ಅಂತ ಬರೀಲೇನ್ರಿ?"

"ಉಳೀತದೇನು?"

"ಉಳೀತದ್ರಿ. ಆದ್ರ ನಾ ಬಗ್ಗಿಸಿದ್ದು ಅದಕ್ಕಲ್ಲ."

"ಯಾತಕ್ಕ ಅಂತ ಅವರು ಕೇಳಿದ್ರ ನನಗ ಫೋನ್ ಕೊಡು," ಎಂದ ವಹಾಬ.

ಅವಳು ಜಾಗದ ಕಾರಣವನ್ನೇ ಬರೆದು ಕಳಿಸಿದಳು. ಅವರು ಮತ್ತೆ ಕೇಳಲಿಲ್ಲ. ನಕಾಶೆ ಒಪ್ಪಿಗೆಯಾಯಿತು. ಮಳೆಗಾಲ ಕಳೆದ ಮೇಲೆ ಹಡಗು ಎಲ್ಲೋ ಪೂರ್ವದ ದೇಶದಲ್ಲಿ ದುರಸ್ತಿಗೆ ನಿಂತು ಯಂತ್ರ ಕೂಡಿಸಿಕೊಂಡಿತು, ಅಲ್ಲಿಂದ ಫೋಟೋಗಳು ಬಂದವು. ಅವಳು ಬರೆದ ಪೈಪು ಬರೆದ ಹಾಗೆಯೇ, ಎರಡು ಬಾಗಿನೊಂದಿಗೆ ಟ್ಯಾಂಕಿನ ಹಿಂದೆ ಕೂತಿತ್ತು. ಹಿಗ್ಗಬೇಕೆಂದು ಅವಳಿಗೆ ಅನಿಸಿತು. ಯಾತಕ್ಕೆ ಹಿಗ್ಗುವುದು ಎಂದೂ ಅನಿಸಿತು. ಕೆಟ್ಟದ್ದೊಂದನ್ನು ತಡೆದಿದ್ದರೆ ಆ ಕೆಟ್ಟದ್ದು ಇತ್ತು ಎಂದಾಗಬೇಕು. ಇರಲಿಲ್ಲವೆಂದರೆ ಒಬ್ಬ ಮುದುಕನ ಹಡಗಿನಲ್ಲಿ ಸುಮ್ಮನೆ ಒಂದು ಸೊಟ್ಟ ಪೈಪು ಇಟ್ಟು ಬಂದಂತಾಯಿತು. ಹೊಲಸು ನೀರು ಹೊರಗೆ ಬಿಡುವ ಮನಸ್ಸಿದ್ದವನಿಗೆ ಬೇರೆ ದಾರಿಯೇ ಇರುವುದಿಲ್ಲ ಎಂದು ಹೇಳುವವರಾರು?

ಜೊತೆಯವರೆಲ್ಲ ಊಟಕ್ಕೆ ಹೋಗಿದ್ದರು. ವಹಾಬ ಅವಳ ಹಿಂದೆ ನಿಂತು ಫೋಟೋ ನೋಡುತ್ತಿದ್ದ. ಇಷ್ಟು ದಿನ ಬಾಯಿಗೆ ಬಾರದ್ದನ್ನು ಪಂಚಶೀಲಾ ಆಗ ಕೇಳಿದಳು.

"ಸರ್, ನೀವಿದ್ದ ಹಡಗಿನ್ಯಾಗ ಇಂಥಾ ಪೈಪ್ ಇದ್ವೇನ್ರಿ?"

"ಯಾವ ಹಡಗಿನ್ಯಾಗ?" ಎಂದ ವಹಾಬ.

ಅವನು ಇದ್ದ ಹಡಗುಗಳು ಬಹಳ. ಅದಕ್ಕೇ ಹಾಗೆ ಕೇಳಿದನೋ, ಅದೇ ಅವನ ಉತ್ತರವೋ ಎಂದು ಅವಳು ತಿರುಗಿ ನೋಡುವುದರೊಳಗೆ ಅವನು ಕನ್ನಡಕ ಹಾಕಿಕೊಂಡು ತನ್ನ ಮೇಜಿಗೆ ಹೋಗಿ, ಹೊಸದಾಗಿ ಬಂದ ಹಡಗೊಂದರ ಕಡತ ತೆರೆದಿದ್ದ. ಇದು ಎಣ್ಣೆ ಹೊರುವ ಹಡಗು, ಹೋದದ್ದಕ್ಕಿಂತ ದೊಡ್ಡದು, ನಾಳೆಯಿಂದ ನೀನೇ ಹಿಡಿ ಎಂದ. ಆಗಲಿ ಎಂದಳು. ಬುತ್ತಿ ಬಿಚ್ಚಿಕೊಂಡು ಊಟಕ್ಕೆ ಕೂತಳು, ಅರ್ಧಕ್ಕೇ ಎದ್ದು, ಹೊಸ ಹಡಗಿನ ಇಂಜಿನ್ ಕೋಣೆ ಹೇಗಿದೆ ನೋಡೋಣವೆಂದು ಕಂಪ್ಯೂಟರಿನ ಮುಂದೆ ಬಂದಳು.